ತಂಗಿಯ ಚಿತ್ರ, ಅಣ್ಣನ ಮಾತು

ಪ್ರಶ್ನೆ: ನನಗೆ 38 ವರ್ಷ. ಚನ್ನರಾಯಪಟ್ಟಣದ ಹತ್ತಿರ ಹಿಟ್ಟಿನ ಗಿರಣಿ ಇಟ್ಟಿದ್ದೇನೆ. ಚಿಕ್ಕಂದಿನಲ್ಲಿ ಚಿತ್ರ ಬರೆಯುವ ಹುಚ್ಚಿತ್ತು. ಅಪ್ಪ ತೀರಿಕೊಂಡ ಮೇಲೆ ಓದೂ ನಿಂತಿತು, ಚಿತ್ರವೂ ನಿಂತಿತು. ತಂಗಿ ನನಗಿಂತ 11 ವರ್ಷ ಚಿಕ್ಕವಳು. ಅವಳಿಗೆ ಚಿತ್ರಕಲೆ ಓದಿಸಿದೆ. ಈ ಸಲ ಬೆಂಗಳೂರಿನ ಚಿತ್ರಸಂತೆಯಲ್ಲಿ ಅವಳ ನಾಲ್ಕು ಚಿತ್ರ ಮಾರಾಟವಾದವು. ರಾಗಿ ಬೀಸಿಸಲು ಬಂದವರಿಗೆಲ್ಲ ಅದನ್ನೇ ಹೇಳುತ್ತೇನೆ. ಮೊನ್ನೆ ಅವಳು, 'ಅಣ್ಣ, ಸಾಕು ಮಾಡು, ನಂಗೆ ನಾಚಿಕೆ ಆಗುತ್ತೆ' ಅಂದುಬಿಟ್ಟಳು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಹೆಮ್ಮೆ ಪಡುವುದೂ ತಪ್ಪಾ?
(ಹೆಸರು ಬೇಡ)

ಉತ್ತರ: ತಪ್ಪಲ್ಲ ತಮ್ಮಾ. ಒಂದೇ ದಿನದ ಸಂತೆ, ಕುಮಾರಕೃಪಾ ರಸ್ತೆಯ ಉದ್ದಕ್ಕೂ ಚಿತ್ರಗಳು, ಕಾಲಿಡಲು ಜಾಗವಿಲ್ಲದಷ್ಟು ಜನ. ಅಷ್ಟರ ನಡುವೆ ನಾಲ್ಕು ಜನ ನಿಮ್ಮ ತಂಗಿಯ ಮುಂದೆ ನಿಂತು ಕೊಂಡರು ಅಂದರೆ ಸುಮ್ನೆ ಮಾತಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಹೇಳದೆ ಇರುತ್ತಿರಲಿಲ್ಲ. ಇದ್ದೂ ಇದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಮ್ಮ ಮೈಸೂರು ಶೈಲಿಯ ಚಿತ್ರ ಬರೆಯುತ್ತಾನೆ. ಅವನ ರಾಜರಾಜೇಶ್ವರಿ ಒಳ್ಳೆಯ ಬೆಲೆಗೆ ಹೋದಾಗ ನಾನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದೆ. ತರಕಾರಿಯವಳಿಗೂ ಹೇಳಿದೆ. ಅವನು ಬೈಯಲಿಲ್ಲ. 'ಅಕ್ಕಾ, ಎಲ್ಲರಿಗೂ ದುಡ್ಡು ಹೇಳ್ತೀಯ. ನೀನು ಚಿತ್ರ ನೋಡಿದ್ಯಾ?' ಅಂದ. ನೋಡಿರಲಿಲ್ಲ. ಅಂದರೆ ಕಣ್ಣು ಹಾಯಿಸಿದ್ದೆ, ಅಷ್ಟೇ.

ಆಮೇಲೆ ಒಂದು ವಾರ ಅವನ ಪಕ್ಕ ಕೂತೆ. ಹಳಬರು ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದರಂತೆ. ಮಕ್ಕಿ ಸಫೇದ ಅಂತ ಒಂದು ಗಟ್ಟಿ ಲೇಪ ಇದೆ, ಸಫೇದ ಅನ್ನುವ ಬಿಳಿ ಪುಡಿ, ಮಕ್ಕಿ ಅನ್ನುವ ಅರಶಿನ ಬಣ್ಣ, ಅಂಟು ಸೇರಿಸಿದ್ದು. ಅದನ್ನು ಕುಂಚದ ತುದಿಯಲ್ಲಿ ತೆಗೆದು ದೇವಿಯ ಸರದ ಮೇಲೆ ಒಂದೊಂದೇ ಚುಕ್ಕಿ ಇಡುತ್ತಿದ್ದ. ಒಣಗಲು ಬಿಟ್ಟು ಮತ್ತೆ ಅದರ ಮೇಲೆ ಇನ್ನೊಂದು. ಮಣಿ ಉಬ್ಬಿ ಬರುವವರೆಗೆ ಉಸಿರು ಬಿಗಿಹಿಡಿದಿರುತ್ತಿದ್ದ. ಮೇಲೆ ಚಿನ್ನದ ರೇಕು. ಕೊನೆಗೆ ತೆಳು ಕಾಗದ ಹೊದಿಸಿ ನುಣುಪಾದ ಕಲ್ಲಿನಿಂದ ಉಜ್ಜಿದ. ಕಾಗದ ತೆಗೆದಾಗ ನನ್ನ ಕಣ್ಣಲ್ಲಿ ನೀರು ಬಂತು. ಈಗಲೂ ತಮ್ಮನ ವಿಷಯ ಜಾಸ್ತಿಯೇ ಮಾತಾಡುತ್ತೇನೆ. ಆದರೆ ಆ ಮಣಿಗಳ ಬಗ್ಗೆ ಮಾತಾಡುತ್ತೇನೆ. ಅವನು ಈಗ ಎದ್ದು ಹೋಗುವುದಿಲ್ಲ, ಪಕ್ಕದಲ್ಲೇ ಕೂತು ಕೇಳುತ್ತಾನೆ.

ನಮ್ಮ ಮೈಸೂರಿನ ಅಣ್ಣತಮ್ಮಂದಿರು ನೆನಪಾಗುತ್ತಾರೆ. ಆರ್.ಕೆ. ನಾರಾಯಣ್ 1906ರಲ್ಲಿ ಹುಟ್ಟಿದವರು, ಆರ್.ಕೆ. ಲಕ್ಷ್ಮಣ್ 1921ರಲ್ಲಿ. ಲಕ್ಷ್ಮಣ್‌ಗೆ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಸೀಟು ಸಿಗಲಿಲ್ಲ. ಆದರೆ ಮಹಾರಾಜ ಕಾಲೇಜಿನಲ್ಲಿ ಓದುವಾಗಲೇ ಅಣ್ಣನ ಕಥೆಗಳಿಗೆ ಪತ್ರಿಕೆಯಲ್ಲಿ ಅವರೇ ಚಿತ್ರ ಬರೆಯುತ್ತಿದ್ದರು. ಅಣ್ಣನ ಕಥೆ, ಪಕ್ಕದಲ್ಲೇ ತಮ್ಮನ ಗೆರೆ. 1986ರಲ್ಲಿ ಶಂಕರ್‌ನಾಗ್ ಮಾಲ್ಗುಡಿಯನ್ನು ಟಿವಿಗೆ ತಂದಾಗಲೂ ಲಕ್ಷ್ಮಣ್ ಚಿತ್ರಗಳು ಜೊತೆಗಿದ್ದವು.

ನಿಮ್ಮ ತಂಗಿಯ ನಾಚಿಕೆ ನಿಮ್ಮ ಬಗ್ಗೆ ಅಲ್ಲ ಅಂತ ನನಗೆ ಅನಿಸುತ್ತದೆ. ನಾಲ್ಕು ಮಾರಾಟವಾದವು ಅಂದಾಗ, 'ಮುಂದಿನ ಸಲ ಒಂದೂ ಹೋಗದಿದ್ದರೆ?' ಅಂತ ಅವಳ ಎದೆ ಹೊಡೆದುಕೊಳ್ಳುತ್ತಿರಬಹುದು. ನಿಮ್ಮ ಪತ್ರದಲ್ಲಿ ಚಿತ್ರ ಎಷ್ಟು ಅಂತ ಇದೆ, ಚಿತ್ರದಲ್ಲಿ ಏನಿತ್ತು ಅಂತ ಒಂದು ಸಾಲೂ ಇಲ್ಲ. ಕೆರೆ ಇತ್ತಾ, ತೆಂಗಿನ ತೋಟ ಇತ್ತಾ, ಅಮ್ಮನ ಮುಖ ಇತ್ತಾ? ಒಂದು ಭಾನುವಾರ ಗಿರಣಿ ಮುಚ್ಚಿ ಅವಳು ಬರೆಯುವಾಗ ಹತ್ತಿರ ಕೂತುಕೊಳ್ಳಿ.

ಇನ್ನೊಂದು ಮಾತು. ನೀವು ಚಿಕ್ಕಂದಿನಲ್ಲಿ ಬರೆದ ಚಿತ್ರ ಒಂದಾದರೂ ಮನೆಯಲ್ಲಿ ಉಳಿದಿದೆಯಾ? ಟ್ರಂಕು, ಅಟ್ಟ ಎಲ್ಲ ಹುಡುಕಿ. ಸಿಕ್ಕರೆ ಅವಳಿಗೆ ತೋರಿಸಿ. ಅವಳು ಅದನ್ನು ನೋಡಿಯೇ ಇಲ್ಲವೇನೋ. ನೋಡಿ ಏನಂದಳು ಅಂತ ನನಗೆ ಬರೀರಿ, ಕಾಯುತ್ತಿರುತ್ತೇನೆ.