ಮೆಟ್ಟಿಲ ಕೆಳಗಿನ ಸಿಲಿಂಡರ್ ಬಗ್ಗೆ ಕೇಳಬಾರದೇ?

ಪ್ರಶ್ನೆ: ಮೊಮ್ಮಗಳ ನಾಮಕರಣದ ಊಟಕ್ಕೆಂದು ಹೋಟೆಲೊಂದರ ಮೊದಲ ಮಹಡಿಯ ಹಾಲ್ ನೋಡಲು ಹೋಗಿದ್ದೆವು. ಹತ್ತಿಳಿಯಲು ಇದ್ದುದು ಒಂದೇ ಮೆಟ್ಟಿಲು. ಅದರ ಕೆಳಗೇ ಗ್ಯಾಸ್ ಸಿಲಿಂಡರ್‌ಗಳನ್ನು ನಿಲ್ಲಿಸಿದ್ದರು. ಬೆಂಕಿ ಬಿದ್ದರೆ ಜನ ಎಲ್ಲಿಂದ ಇಳಿಯಬೇಕು ಎಂದು ಕೇಳಿದ್ದಕ್ಕೆ ಮಾಲೀಕರು, ‘ಇಷ್ಟು ವರ್ಷ ಏನೂ ಆಗಿಲ್ಲ ಬಿಡ್ರಿ’ ಎಂದರು. ಶುಭಕಾರ್ಯದ ಮಾತಿನಲ್ಲಿ ಅಪಶಕುನ ನುಡಿದೆನೆಂದು ಮನೆಯವರೂ ಸಿಟ್ಟಾದರು. ನಾನು ಕೇಳಿದ್ದು ತಪ್ಪೇ?
– ಓದುಗರು, ದಾವಣಗೆರೆ

ಉತ್ತರ: ಖಂಡಿತ ತಪ್ಪಲ್ಲ. ಲೋಟ ತೊಳೆದಿದೆಯೋ ಇಲ್ಲವೋ ಎಂದು ತಿರುಗಿಸಿ ನೋಡುವ, ಕುಡಿಯುವ ನೀರು ಫಿಲ್ಟರಿನದೇ ಎಂದು ಸಪ್ಲೈಯರ್‌ನನ್ನು ಎರಡೆರಡು ಸಲ ವಿಚಾರಿಸುವ ನಾವು, ಹೊರಗೆ ಹೋಗುವ ಇನ್ನೊಂದು ಬಾಗಿಲು ಎಲ್ಲಿದೆಯೆಂದು ಕೇಳಲು ಮಾತ್ರ ಸಂಕೋಚಪಡುತ್ತೇವೆ. ಗಿರಾಕಿಗಳು ಕೇಳದ ಕಾರಣ ಮಾಲೀಕರೂ ಅದಕ್ಕೆ ಹಣ ಹಾಕುವುದಿಲ್ಲ. ಸೀಲಿಂಗಿನ ಅಲಂಕಾರಕ್ಕೆ ಹಾಕುತ್ತಾರೆ.

ನೀವು ಕಂಡ ವ್ಯವಸ್ಥೆಯಲ್ಲಿ ಎರಡು ಅಪಾಯಗಳು ಒಂದೇ ಕಡೆ ಸೇರಿವೆ. ಅಡುಗೆ ಅನಿಲವು ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ಮೇಲೇರಿ ಚದುರಿಹೋಗದೆ ನೆಲಮಟ್ಟದಲ್ಲೇ ಹರಡುತ್ತದೆ, ಮೂಲೆಯಲ್ಲೂ ತಗ್ಗಿನಲ್ಲೂ ನಿಲ್ಲುತ್ತದೆ. ಹೋಟೆಲುಗಳಲ್ಲಿ ಬಳಸುವ 19 ಕಿಲೋಗ್ರಾಂ ಸಿಲಿಂಡರ್‌ಗಳಿಗೆ ಗಾಳಿಯಾಡುವ, ಜನ ಓಡಾಡದ ಜಾಗ ಬೇಕೆನ್ನುವುದು ಇದೇ ಕಾರಣಕ್ಕೆ. ಇನ್ನು ಕೆಳಗೆ ಬೆಂಕಿ ಹತ್ತಿದರೆ ತೆರೆದ ಮೆಟ್ಟಿಲು ಹೊಗೆಗೊಳವೆಯಂತೆ ಕೆಲಸ ಮಾಡಿ, ಜ್ವಾಲೆ ತಲುಪುವ ಮೊದಲೇ ಹಾಲ್‌ನ ತುಂಬ ಹೊಗೆ ತುಂಬಿಸುತ್ತದೆ. ಇಂಥ ದುರಂತಗಳಲ್ಲಿ ಸುಟ್ಟಗಾಯಕ್ಕಿಂತ ಉಸಿರುಕಟ್ಟಿ ಸಾಯುವವರೇ ಹೆಚ್ಚು. 2017ರ ಡಿಸೆಂಬರ್ ಕೊನೆಯಲ್ಲಿ ಮುಂಬೈನ ಕಮಲಾ ಮಿಲ್ಸ್ ಆವರಣದ ರೆಸ್ಟೋರೆಂಟ್‌ಗಳಿಗೆ ಬೆಂಕಿ ಬಿದ್ದಾಗ 14 ಜನ ಸತ್ತರು. ದಾರಿ ಕಾಣದೆ ಶೌಚಾಲಯದೊಳಗೆ ಸೇರಿಕೊಂಡಿದ್ದವರು ಅವರಲ್ಲಿ ಹಲವರು. ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಹೋಟೆಲಲ್ಲ, ಕಚೇರಿಗಳ ಕಟ್ಟಡ. ಆದರೂ 2010ರ ಫೆಬ್ರುವರಿಯಲ್ಲಿ ಅಲ್ಲಿ 9 ಜನರ ಪ್ರಾಣ ತೆಗೆದದ್ದರಲ್ಲಿ ಮೆಟ್ಟಿಲಲ್ಲಿ ತುಂಬಿದ ಹೊಗೆಯದೇ ದೊಡ್ಡ ಪಾಲು.

ಗಾಬರಿಯಲ್ಲಿ ಮನುಷ್ಯರು ತಾವು ಒಳಬಂದ ಬಾಗಿಲಿಗೇ ಓಡುತ್ತಾರೆ. ಆದ್ದರಿಂದ ಕೂರುವ ಮೊದಲೇ ಇನ್ನೊಂದು ದಾರಿ ನೋಡಿಟ್ಟುಕೊಳ್ಳಿ. ಇದೆ ಎಂದು ಹೇಳಿದರಷ್ಟೇ ಸಾಲದು, ಹೋಗಿ ತಳ್ಳಿ ನೋಡಿ. ಹಿಂಬಾಗಿಲಿಗೆ ಬೀಗ ಜಡಿದು ಮುಂದೆ ಈರುಳ್ಳಿ ಚೀಲ ಒಟ್ಟಿರುವ ಅಡುಗೆಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೆ ಮೀಟರ್ ಇದ್ದರೆ ಮುಳ್ಳು ಹಸಿರು ಭಾಗದಲ್ಲಿರಬೇಕು. ಕಾರ್ಬನ್ ಡೈಆಕ್ಸೈಡ್ ತುಂಬಿದ್ದಕ್ಕೆ ಮೀಟರ್ ಇರುವುದಿಲ್ಲ. ಅದರ ಮೇಲಿನ ತಪಾಸಣೆಯ ಚೀಟಿ ಓದಿ.

ಮಾಲೀಕರು ಒಪ್ಪದಿದ್ದರೆ ನೆಲಮಹಡಿಯ ಹಾಲ್ ಹಿಡಿಯಿರಿ, ಮಹಾನಗರ ಪಾಲಿಕೆಗೂ ಅಗ್ನಿಶಾಮಕ ಠಾಣೆಗೂ ಬರೆದು ತಿಳಿಸಿ. ಅಡ್ವಾನ್ಸ್ ಕೊಡುವ ಮುಂಚೆ ಕೇಳಿದ ಪ್ರಶ್ನೆಗೆ ಇರುವ ತೂಕ ಕೊಟ್ಟ ಮೇಲೆ ಇರುವುದಿಲ್ಲ ಎಂಬುದನ್ನು ನಿಮ್ಮ ಮನೆಯವರಿಗೂ ಹೇಳಿ.

ಪ್ರಶ್ನೆ: ನಮ್ಮದು ಸೌದೆ ಒಲೆಯ ಬೆಣ್ಣೆ ದೋಸೆ ಹೋಟೆಲ್, ಸಂಜೆ ಮಿರ್ಚಿಯನ್ನೂ ಕರಿಯುತ್ತೇವೆ. ಒಮ್ಮೆ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ಹುಡುಗನೊಬ್ಬ ನೀರು ಎರಚಲು ಹೋಗಿದ್ದ. ಇವರಿಗೆ ಏನು ಕಲಿಸಬೇಕು?
– ಹೋಟೆಲ್ ಮಾಲೀಕರು, ದಾವಣಗೆರೆ

ಉತ್ತರ: ನೀರು ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕಿಳಿಯುತ್ತದೆ, ಅಲ್ಲಿನ ಕಾವಿಗೆ ಕ್ಷಣಮಾತ್ರದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಸೂರಿನವರೆಗೆ ಚಿಮ್ಮಿಸುತ್ತದೆ. ಹುಡುಗರಿಗೆ ಮೊದಲು ತಿಳಿಯಬೇಕಾದದ್ದು ಇದೇ. ಬಾಣಲೆಯ ಬಾಯಿ ಪೂರ್ತಿ ಮುಚ್ಚುವಷ್ಟು ದೊಡ್ಡ ಕಬ್ಬಿಣದ ಮುಚ್ಚಳವನ್ನು ಒಲೆಯ ಹಿಂದಲ್ಲ, ಕರಿಯುವವರ ಕೈಗೆ ಸಿಗುವ ಪಕ್ಕದ ಗೋಡೆಗೆ ತೂಗುಹಾಕಿ. ಗ್ಯಾಸ್ ಒಲೆಯಾದರೆ ಒಡನೆ ಆರಿಸಬಹುದು. ಸೌದೆಗೆ ಆ ಅನುಕೂಲವಿಲ್ಲ. ಮೊದಲು ಬಾಣಲೆ ಮುಚ್ಚಿ, ಆಮೇಲೆ ಕೊಳ್ಳಿಗಳನ್ನು ಈಚೆ ಎಳೆಯಬೇಕು. ಉರಿಯುವ ಬಾಣಲೆಯನ್ನು ಎತ್ತಿ ಹೊರಗೆ ಒಯ್ಯುವ ಸಾಹಸ ಬೇಡ.

ಅಡುಗೆ ಎಣ್ಣೆಯ ಬೆಂಕಿಗೆಂದೇ ‘ಎಫ್’ ವರ್ಗದ ಅಗ್ನಿಶಾಮಕ ಸಿಲಿಂಡರ್ ಸಿಗುತ್ತದೆ, ಅದನ್ನೇ ಕೊಳ್ಳಿ. ಹೊಗೆಕೊಳವೆಯಲ್ಲಿ ಕಟ್ಟಿಕೊಂಡ ಜಿಡ್ಡು-ಮಸಿಗೂ ಬೆಂಕಿ ಹತ್ತುತ್ತದೆ. ಅದನ್ನು ಆಗಾಗ ಕೆರೆಸಿ, ಮರುದಿನದ ಸೌದೆಯನ್ನು ಒಲೆಗೆ ಒರಗಿಸಿ ಇಡುವ ರೂಢಿ ಬಿಡಿಸಿ. ಮುಚ್ಚಳವನ್ನಂತೂ ಎಣ್ಣೆ ಪೂರ್ತಿ ತಣಿಯುವವರೆಗೆ ತೆಗೆಯಬಾರದು. ಬಿಸಿಯಿರುವಾಗಲೇ ಇಣುಕಿ ನೋಡಿದರೆ ಗಾಳಿ ಸೋಕಿ ಮತ್ತೆ ಹತ್ತಿಕೊಳ್ಳುತ್ತದೆ.