ಹಲ್ಲು ಬರುವ ಭೇದಿ, ಕಾದ ಹಾಲು, ಒಂದು ಬಾಟಲಿ

(ಹೆಸರು, ಗುರುತು ಎಲ್ಲ ಬದಲಿಸಿದ್ದೇನೆ.)

ರೇಣುಕಾಗೆ 23 ವರ್ಷ. ಗಂಗಾವತಿ ಕಡೆಯ ಹಳ್ಳಿ, ಭತ್ತ ನಾಟಿಗೆ ಕೂಲಿ ಹೋಗುತ್ತಾಳೆ. 8 ತಿಂಗಳ ಮಗ ಇದ್ದಾನೆ. ಆಶಾ ಕಾರ್ಯಕರ್ತೆ ಅವಳನ್ನು, ಮನಸ್ಸಿನ ಕಷ್ಟ ಕೇಳುವ ನನ್ನ ಹತ್ತಿರ ಕರೆತಂದದ್ದು ಮಗುವಿನ ಕಾಯಿಲೆಗಲ್ಲ. ನಿದ್ದೆ ಮಾಡಲ್ಲ, ಸರಿಯಾಗಿ ಉಣ್ಣಲ್ಲ, ಸುಮ್ನೆ ಅಳ್ತಾ ಕೂರ್ತಾಳೆ ಅಂತ.

ಸ್ವಲ್ಪ ಹೊತ್ತು ಬಿಟ್ಟು ಅವಳೇ ಬಾಯಿಬಿಟ್ಟಳು. "ನನ್ನ ಹಾಲೇ ಕೂಸಿಗೆ ಆಗಿಬರವಲ್ದ್ರಿ ಮೇಡಂ. ಬಿಸಿಲಾಗ ನೆಲ್ಲು ಹಚ್ಚಾಕ ಹೋಗ್ತೀನಿ, ಹಾಲು ಕಾಯ್ತಾವಂತ. ಅದಕ್ಕ ಭೇದಿ ಆಗಾಕತ್ತೈತಿ ಅಂತಾರ ಅತ್ತಿ."

ಅತ್ತೆಯ ಬಳಿ ಇನ್ನೊಂದು ಕಾರಣವೂ ಇತ್ತು. ಹಲ್ಲು ಬರ್ತಾ ಇವೆ, ಭೇದಿ ಸಹಜ, ತಾನಾಗಿ ನಿಲ್ಲುತ್ತೆ. ಅಂದರೆ ತಪ್ಪು ಸೊಸೆಯದು, ಔಷಧ ಬೇಡ! ಹಾಲು ಬಿಡಿಸಿ ಬಾಟಲಿಯಲ್ಲಿ ಆಕಳ ಹಾಲು ಶುರು ಮಾಡಿದ್ದರು, ಅದಕ್ಕೆ ಅರ್ಧ ನೀರು. ಭೇದಿ ಜಾಸ್ತಿ ಆಯಿತು.

ಮೊದಲು ಮಗುವನ್ನು ನೋಡಿದೆ. ಕಣ್ಣು ಗುಳಿ ಬಿದ್ದಿರಲಿಲ್ಲ, ಉಚ್ಚೆ ಹೋಗುತ್ತಿತ್ತು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಕೂಡಲೇ ಸರಿಹೋಗುತ್ತಿತ್ತು. ಅಂದರೆ ಮೈಯ ನೀರು ಅಪಾಯದಷ್ಟು ಇಳಿದಿರಲಿಲ್ಲ. ಆದರೂ ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿ ಅಂದೆ. ರೇಣುಕಾಗೆ ಜೀವ ಬೇಡ ಅನ್ನಿಸುತ್ತಾ ಅಂತಲೂ ನೇರವಾಗಿ ಕೇಳಿದೆ. ಇಲ್ಲ ಅಂದಳು. ರಾತ್ರಿ ಹೊತ್ತು ತಡೆಯಲಾರದೆ ಹೋದರೆ ಫೋನ್ ಮಾಡು ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ.

ಆಮೇಲೆ ಬ್ಯಾಗಿನಲ್ಲಿದ್ದ ಬಾಟಲಿ ತೆಗೆಸಿದೆ. ನಿಪ್ಪಲ್ ಸುತ್ತಿನ ಬಳೆ ತಿರುಗಿಸಿದರೆ ಒಳಗೆ ಹಳದಿ ಕೆನೆ ಒಣಗಿ ಅಂಟಿತ್ತು, ಹುಳಿ ವಾಸನೆ. ಮೇಲಿಂದ ತೊಳೆದ ಬಾಟಲಿ ಫಳಫಳ ಹೊಳೆಯುತ್ತೆ, ಯಾವ ತಾಯಿಗೂ ಅನುಮಾನ ಬರಲ್ಲ. ರೇಣುಕಾ ಅದನ್ನು ಮೂಸಿ ನೋಡಿ, "ಹಂಗಾರ ನನ್ನ ಹಾಲಲ್ಲೇನ್ರೀ?" ಅಂದಳು.

ಅಲ್ಲ ತಂಗಿ. ಬಿಸಿಲಲ್ಲಿ ದುಡಿದರೆ ನೀನು ದಣಿಯುತ್ತೀಯ, ನಿನಗೆ ನೀರಡಿಕೆ ಆಗುತ್ತೆ, ಎದೆಯೊಳಗಿನ ಹಾಲು ಕೆಡಲ್ಲ. ಮನೆಗೆ ಬಂದು ಕೈ ತೊಳೆದು ನೀನು ಒಂದು ಚೊಂಬು ನೀರು ಕುಡಿ, ಮಗುವಿಗೆ ಹಾಲು ಕೊಡು. ಭೇದಿ ಆದಾಗ ಇನ್ನೂ ಜಾಸ್ತಿ ಸಲ ಕೊಡು.

ರೋಗಾಣು, ನೀರು, ಕೈ ತೊಳೆಯುವುದು ಎಲ್ಲ ಇವಳು ಅಂಗನವಾಡಿಯಲ್ಲಿ ಕೇಳಿದ್ದಳು. ತಲೆಗೆ ಇಳಿದಿರಲಿಲ್ಲ, ಯಾಕಂದರೆ ತಪ್ಪು ತನ್ನ ಮೈಯಲ್ಲೇ ಇದೆ ಅಂತ ನಂಬಿದವಳಿಗೆ ಹೊರಗಿನ ಕೊಳೆ ಕಾಣಲ್ಲ. ನನ್ನ ಹತ್ತಿರ ಬರುವ ಎಷ್ಟೋ ತಾಯಂದಿರದು ಇದೇ ಕಥೆ.

ಮುಂದಿನ ಸಲ ಅತ್ತೆಯನ್ನೂ ಕರೆಸಿದೆ. ಹಲ್ಲಿನ ಬಗ್ಗೆ ವಾದ ಮಾಡಲಿಲ್ಲ. "ಹೌದು ಅವ್ವಾ, ಹಲ್ಲು ಬರುವ ವಯಸ್ಸಲ್ಲೇ ಕೂಸು ಅಂಬೆಗಾಲಿಡುತ್ತೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತೆ, ಮೇಲಿನ ಊಟ ಶುರುವಾಗಿರುತ್ತೆ. ಹಲ್ಲು ಕಣ್ಣಿಗೆ ಕಾಣ್ತದ, ಕೊಳೆ ಕಾಣಲ್ಲ" ಅಂದೆ. ಅತ್ತೆ ತಲೆಯಾಡಿಸಿದರು. ಭೇದಿಯಲ್ಲಿ ಕಳೆದ ನೀರು, ಉಪ್ಪು ತುಂಬಿಕೊಡುವ ಪುಡಿ ಓಆರ್‌ಎಸ್ ಕಲೆಸುವ ಕೆಲಸ ಅವರಿಗೇ ಒಪ್ಪಿಸಿದೆ. ದೊಡ್ಡ ಪ್ಯಾಕೆಟ್ ಪೂರ್ತಿ, ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ. ಚಮಚದ ಲೆಕ್ಕದಲ್ಲಿ ಲೋಟಕ್ಕೆ ಉದುರಿಸುವುದಲ್ಲ. 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಬೇಕು. ಪ್ರತಿ ಸಲ ಭೇದಿ ಆದಾಗ 50ರಿಂದ 100 ಮಿ.ಲೀ., ಚಮಚದಲ್ಲಿ ನಿಧಾನಕ್ಕೆ. ವಾಂತಿ ಆದರೆ 10 ನಿಮಿಷ ಬಿಟ್ಟು ಮತ್ತೆ. ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಸತುವಿನ (ಜಿಂಕ್) ಮಾತ್ರೆ ದಿನಕ್ಕೊಂದು, 14 ದಿನ, ಭೇದಿ ನಿಂತರೂ ಬಿಡಬಾರದು. ಬಾಟಲಿ ಬೇಡವೇ ಬೇಡ, ಬಟ್ಟಲು ಚಮಚ ಸಾಕು. ಮಲದಲ್ಲಿ ರಕ್ತ, ಕುಡಿಯದೇ ಇರುವುದು, ಮಂಕಾಗಿ ಮಲಗುವುದು, ಉಚ್ಚೆ ನಿಲ್ಲುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಓಡಬೇಕು.

ತಾಯಿ ಕಾರ್ಡ್ ನೋಡಿದರೆ 14 ವಾರದ ಲಸಿಕೆ ಬಿಟ್ಟುಹೋಗಿತ್ತು. ಆಗ ಬೆಂಗಳೂರಿಗೆ ಗುಳೆ ಹೋಗಿದ್ದರಂತೆ. ರೋಟಾವೈರಸ್ ಭೇದಿ ತಡೆಯುವ ರೋಟಾ ಹನಿಯೂ ಅದರಲ್ಲೇ ಇತ್ತು, ಈಗಲೂ ಹಾಕಿಸಬಹುದು. ಅದು ಎಲ್ಲ ಭೇದಿಯನ್ನೂ ತಡೆಯಲ್ಲ, ಮಕ್ಕಳನ್ನು ಆಸ್ಪತ್ರೆಗೆ ಸೇರಿಸುವಂಥ ಒಂದು ದೊಡ್ಡ ಕಾರಣವನ್ನು ತಡೆಯುತ್ತೆ.

ಅತ್ತೆ ಇನ್ನೂ ಹಲ್ಲಿನ ಮಾತು ಬಿಟ್ಟಿಲ್ಲ. ಇರಲಿ, ಪ್ಯಾಕೆಟ್ ಬಿಚ್ಚುತ್ತಾರಲ್ಲ. 9 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ ಲಸಿಕೆ ಇದೆ. ಅವತ್ತು ಕೂಲಿ ಬಿಡುವವರು ಯಾರು ಅನ್ನೋ ಜಗಳ ಮನೆಯಲ್ಲಿ ಇನ್ನೂ ನಡೆದೇ ಇದೆ.