ಕಪ್ಪು ಜನರ ಸಣ್ಣ ವಿಶ್ವವಿದ್ಯಾಲಯವೂ ದೊಡ್ಡ ಸಂಶೋಧನಾ ಸಂಸ್ಥೆಯೂ ಸೇರಿ ಕೆಲಸ ಮಾಡುವುದು ಹೇಗೆ?

ಸುಮ್ನೆ ಒಪ್ಪಂದಕ್ಕೆ ಸಹಿ ಹಾಕಿ ಫೋಟೊ ತೆಗೆಸಿಕೊಂಡರೆ ಏನೂ ಆಗುವುದಿಲ್ಲ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 2004ರಲ್ಲಿ ಶುರುವಾದ ಫಿಸ್ಕ್–ವ್ಯಾಂಡರ್‌ಬಿಲ್ಟ್ ಬ್ರಿಜ್ ಕಾರ್ಯಕ್ರಮ ನೋಡಿ. ಬ್ರಿಜ್ ಅಂದರೆ ಸೇತುವೆ, ಸ್ನಾತಕೋತ್ತರ ಓದಿನಿಂದ ಪಿಎಚ್.ಡಿ.ಗೆ ದಾಟಿಸುವುದು. ಫಿಸ್ಕ್ ವಿಶ್ವವಿದ್ಯಾಲಯ 1866ರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದವರ ಓದಿಗೆಂದು ಹುಟ್ಟಿದ್ದು. ವ್ಯಾಂಡರ್‌ಬಿಲ್ಟ್ ಅದೇ ಊರಿನ ಶ್ರೀಮಂತ ಸಂಸ್ಥೆ.

ಭೌತಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಮೊದಲು ಫಿಸ್ಕ್‌ನಲ್ಲಿ ಸ್ನಾತಕೋತ್ತರ ಪದವಿಗೆ ಸೇರುತ್ತಾಳೆ ಅಂದುಕೊಳ್ಳಿ. ಆಗಲೇ ವ್ಯಾಂಡರ್‌ಬಿಲ್ಟ್‌ನ ತರಗತಿಗೂ ಲ್ಯಾಬಿಗೂ ಹೋಗುತ್ತಾಳೆ. ಎರಡೂ ಕಡೆ ಮಾರ್ಗದರ್ಶಕರು ಇರುತ್ತಾರೆ. ಪಿಎಚ್.ಡಿ.ಗೆ ಅರ್ಜಿ ಹಾಕುವ ಹೊತ್ತಿಗೆ ಅವಳ ಕೆಲಸವನ್ನು ವ್ಯಾಂಡರ್‌ಬಿಲ್ಟ್‌ನ ಪ್ರಾಧ್ಯಾಪಕರು ಕಣ್ಣಾರೆ ಕಂಡಿರುತ್ತಾರೆ. ಬರೀ ಪ್ರವೇಶ ಪರೀಕ್ಷೆಯ ಅಂಕ ಹಿಡಿದು ಅಳೆಯಬೇಕಿಲ್ಲ, ಅಲ್ವಾ?

ಇನ್ನು ದುಡ್ಡು. ಅನುದಾನದ ಅರ್ಜಿ ಬರೆಯುವಾಗಲೇ ಸಣ್ಣ ಸಂಸ್ಥೆಯವರೂ ಜೊತೆಗೆ ಕೂತಿರಬೇಕು. ಅಲ್ಲಿನ ಮೇಷ್ಟ್ರುಗಳಿಗೆ ಪಾಠದ ಹೊರೆ ಜಾಸ್ತಿ. ಅದನ್ನು ಇಳಿಸುವ ಖರ್ಚೂ ಬಜೆಟ್‌ನಲ್ಲೇ ಇರಲಿ.